ಮೋಟಾರು ಸುಡುವುದು ಕರೆಂಟು ಹೆಚ್ಚಾಗಿಯೋ, ಕಡಿಮೆಯಾಗಿಯೋ?

ಸಂತೇಬೆನ್ನೂರಿನ ಹೊಂಡವನ್ನು ನೋಡದ ರೈತ ಈ ಸೀಮೆಯಲ್ಲಿ ಇರಲಾರ. ಹದಿನಾರನೇ ಶತಮಾನದಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ ಆ ಪುಷ್ಕರಣಿಯ ನೀರು ಗಾಳಿಗೆ ಒಂದಿಷ್ಟು ಅಲುಗೀತೇ ಹೊರತು ಎಲ್ಲಿಗೂ ಹರಿಯುವುದಿಲ್ಲ. ಅದೇ ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಯ ತೂಬು ಎತ್ತಿ ನೋಡಿ, ನೀರು ನಾಲೆಗುಂಟ ಗದ್ದೆಯವರೆಗೆ ಓಡುತ್ತದೆ. ಎರಡು ಕಡೆಯೂ ಇರುವುದು ನೀರೇ. ಒಂದು ಏಕೆ ನಿಂತಿತು, ಇನ್ನೊಂದು ಏಕೆ ಓಡಿತು? ಹೊಂಡದಲ್ಲಿ ಎಲ್ಲ ಕಡೆಯೂ ನೀರಿನ ಮಟ್ಟ ಒಂದೇ. ಕೆರೆಗೂ ಗದ್ದೆಗೂ ಮಟ್ಟದಲ್ಲಿ ಅಂತರವಿದೆ. ಈ ಅಂತರವೇ ನೀರನ್ನು ಓಡಿಸುತ್ತದೆ.

ನಿಮ್ಮ ತೋಟದ ಪ್ಯಾನೆಲ್ ಪೆಟ್ಟಿಗೆಯೊಳಗೆ ನಡೆಯುವ ಕೆಲಸಕ್ಕೂ ಇದೇ ಬುನಾದಿ. ಅದನ್ನು ತಿಳಿಯದೆ ನಾವು ವರ್ಷಕ್ಕೊಮ್ಮೆ, ಕೆಲವರು ಎರಡು ಸಲ, ಮೋಟಾರನ್ನು ಬೋರಿನಿಂದ ಎತ್ತಿಸಿ ರೀವೈಂಡಿಂಗ್ ಅಂಗಡಿಗೆ ಹೊರುತ್ತೇವೆ. ಎತ್ತುವ ಕೂಲಿ, ವೈಂಡಿಂಗಿನ ಖರ್ಚು, ಮತ್ತೆ ಇಳಿಸುವ ಕೂಲಿ. ಅಷ್ಟರಲ್ಲಿ ಹತ್ತು ದಿನ ನೀರಿಲ್ಲದ ಅಡಿಕೆ ಗಿಡ ಏಪ್ರಿಲ್ ಬಿಸಿಲಿನಲ್ಲಿ ಸೋಗೆ ಬಾಡಿಸಿಕೊಂಡು ನಿಂತಿರುತ್ತದೆ.

ಮೋಟಾರು ಸುಟ್ಟಾಗ ಊರಿನಲ್ಲಿ ಎರಡು ಮಾತು ಕೇಳಿಬರುತ್ತವೆ. "ಕರೆಂಟ್ ಜಾಸ್ತಿ ಬಂದು ಸುಟ್ಟುಹೋಯ್ತು" ಎಂದು ಮನೆಯವರು. "ಲೋ ವೋಲ್ಟೇಜಿಗೆ ಸುಟ್ಟಿದೆ ಕಣಣ್ಣ" ಎಂದು ಮೆಕ್ಯಾನಿಕ್. ಒಬ್ಬರು ಹೆಚ್ಚು ಎನ್ನುತ್ತಾರೆ, ಇನ್ನೊಬ್ಬರು ಕಡಿಮೆ ಎನ್ನುತ್ತಾರೆ. ಹಾಗಿದ್ದೂ ಇಬ್ಬರ ಮಾತೂ ನಿಜವಾಗಿರಬಹುದು. ಅದು ಹೇಗೆ ಎಂಬುದನ್ನು ತಿಳಿಯಲು ನೀವು ಇಂಜಿನಿಯರಿಂಗ್ ಓದಬೇಕಾಗಿಲ್ಲ. ಹತ್ತನೇ ತರಗತಿಯಲ್ಲಿರುವ ನಿಮ್ಮ ಮಗನನ್ನೋ ಮಗಳನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರ ವಿಜ್ಞಾನ ಪುಸ್ತಕದಲ್ಲಿ ವಿದ್ಯುಚ್ಛಕ್ತಿಯ ಪಾಠ ಇದೆ. ವಿಭವಾಂತರ, ವಿದ್ಯುತ್ ಪ್ರವಾಹ, ರೋಧ ಎಂಬ ಮೂರು ಮಾತುಗಳನ್ನು ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡಿರುತ್ತಾರೆ. ಮನೆಯ ಬೋರಿಗೂ ಆ ಪಾಠಕ್ಕೂ ಸಂಬಂಧ ಇದೆಯೆಂದು ಅವರಿಗೆ ಹೇಳಿದವರು ಕಡಿಮೆ.

ಮೂರು ಮಾತು

ನಾವು ಹಳ್ಳಿಯಲ್ಲಿ ಎಲ್ಲಕ್ಕೂ ಕರೆಂಟು ಎಂದುಬಿಡುತ್ತೇವೆ. ಕರೆಂಟ್ ಬಂತು, ಕರೆಂಟ್ ಹೋಯ್ತು, ಕರೆಂಟ್ ಹೊಡೀತು. ಮಾತಿಗೆ ಇದು ಸಾಕು, ಲೆಕ್ಕಕ್ಕೆ ಸಾಲದು.

ತೋಟದಲ್ಲಿ ಹನಿ ನೀರಾವರಿಗೆಂದು ಎತ್ತರದಲ್ಲಿ ಇಟ್ಟ ತೊಟ್ಟಿಯನ್ನು ನೆನಪಿಸಿಕೊಳ್ಳಿ. ತೊಟ್ಟಿ ಎಷ್ಟು ಎತ್ತರದಲ್ಲಿದೆ ಎಂಬುದು ವೋಲ್ಟೇಜು. ಪುಸ್ತಕದ ವಿಭವಾಂತರ ಇದೇ, ವೋಲ್ಟುಗಳಲ್ಲಿ ಅಳೆಯುತ್ತಾರೆ. ಪೈಪಿನಲ್ಲಿ ನಿಮಿಷಕ್ಕೆ ಎಷ್ಟು ನೀರು ಹರಿಯಿತು ಎಂಬುದು ಕರೆಂಟು, ಅಂದರೆ ವಿದ್ಯುತ್ ಪ್ರವಾಹ. ಇದರ ಅಳತೆ ಆಂಪಿಯರ್. ಪೈಪು ಸಣ್ಣದಾಗಿದ್ದರೆ, ಉದ್ದವಾಗಿದ್ದರೆ, ಒಳಗೆ ಪಾಚಿ ಕಟ್ಟಿದ್ದರೆ ನೀರಿಗೆ ತಡೆಯಾಗುತ್ತದೆಯಲ್ಲ, ಅದು ರೋಧ. ಇದರ ಅಳತೆ ಓಮ್. ಎತ್ತರ ಹೆಚ್ಚಿದರೆ ಹರಿವು ಹೆಚ್ಚು. ತಡೆ ಹೆಚ್ಚಿದರೆ ಹರಿವು ಕಡಿಮೆ. ವೋಲ್ಟನ್ನು ಓಮಿನಿಂದ ಭಾಗಿಸಿದರೆ ಆಂಪಿಯರ್ ಬರುತ್ತದೆ. ಆಂಪಿಯರನ್ನು ಓಮಿನಿಂದ ಗುಣಿಸಿದರೆ ವೋಲ್ಟ್ ಬರುತ್ತದೆ.

ಈ ಲೆಕ್ಕವನ್ನು 1827ರಲ್ಲಿ ಪುಸ್ತಕದಲ್ಲಿ ಬರೆದು ಜಗತ್ತಿಗೆ ಕೊಟ್ಟವರು ಜರ್ಮನಿಯ ಜಾರ್ಜ್ ಸೈಮನ್ ಓಮ್. ಬೀಗ ಮಾಡುವವನ ಮಗ. ಕಲೋನ್ ನಗರದ ಶಾಲೆಯೊಂದರಲ್ಲಿ ಹುಡುಗರಿಗೆ ಗಣಿತ, ಭೌತಶಾಸ್ತ್ರ ಹೇಳಿಕೊಡುತ್ತ, ಆ ಶಾಲೆಯ ಪ್ರಯೋಗಶಾಲೆಯಲ್ಲೇ ಬೇರೆ ಬೇರೆ ಉದ್ದದ, ದಪ್ಪದ ತಂತಿಗಳನ್ನು ಇಟ್ಟುಕೊಂಡು ಅಳೆದು ನೋಡಿದರು. ಮೊದಮೊದಲು ಅವರ ದೇಶದ ಪಂಡಿತರು ಇದಕ್ಕೆ ಬೆಲೆ ಕೊಡಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟು ಗೌರವಿಸಿತು.

ತೊಟ್ಟಿಯ ಹೋಲಿಕೆ ಒಂದು ಕಡೆ ಕೈಕೊಡುತ್ತದೆ, ಅದನ್ನು ಈಗಲೇ ಹೇಳಿಬಿಡುವುದು ಮೇಲು. ಪೈಪು ಕತ್ತರಿಸಿದರೆ ನೀರು ಹೊರಗೆ ಸುರಿಯುತ್ತದೆ. ತಂತಿ ಕತ್ತರಿಸಿದರೆ ಏನೂ ಸುರಿಯುವುದಿಲ್ಲ, ಹರಿವು ನಿಂತುಹೋಗುತ್ತದೆ. ಆದರೆ ವೋಲ್ಟೇಜು ಆ ತುಂಡಾದ ತುದಿಯಲ್ಲಿ ಹಾಗೆಯೇ ಕಾದಿರುತ್ತದೆ. ನೆಲಕ್ಕೆ ಬಿದ್ದ ತಂತಿ ಸುಮ್ಮನಿದೆ ಎಂದು ಕೈಯಿಂದ ಸರಿಸಲು ಹೋದವನ ಮೈಯೇ ಅದಕ್ಕೆ ದಾರಿಯಾಗುತ್ತದೆ.

ವಾಚನಾಲಯದ ಮೇಜಿನ ಮೇಲೆ

ಕೈಯಾರೆ ಮಾಡಿದರೆ ಇದು ಬೇಗ ತಿಳಿಯುತ್ತದೆ. ಬೇಕಾದದ್ದು ಮೂರು ಟಾರ್ಚ್ ಸೆಲ್ಲು, ಒಂದು ಹಳೆಯ ಬಗೆಯ ಟಾರ್ಚ್ ಬಲ್ಬು (ಒಳಗೆ ತಂತಿ ಇರುವುದು, ಎಲ್‌ಇಡಿ ಬೇಡ), ಮೂರು ನಾಲ್ಕು ತುಂಡು ಸಣ್ಣ ತಂತಿ, ಒಂದು ಪೆನ್ಸಿಲು, ಮತ್ತು ಮಕ್ಕಳ ಮುರಿದ ಆಟದ ಕಾರಿನಿಂದ ಬಿಚ್ಚಿದ ಪುಟ್ಟ ಮೋಟಾರು. ಎಲ್ಲವನ್ನೂ ಸೆಲ್ಲಿನಿಂದಲೇ ಮಾಡಬೇಕು. ಗೋಡೆಯ ಪ್ಲಗ್ಗಿಗೆ ಮಕ್ಕಳು ಯಾವುದನ್ನೂ ಚುಚ್ಚಕೂಡದು. ಇದನ್ನು ಮೊದಲೇ ಗಟ್ಟಿಯಾಗಿ ಹೇಳಿ.

ಮೊದಲು ಒಂದೇ ಸೆಲ್ಲಿಗೆ ಬಲ್ಬು ಸೇರಿಸಿ. ಮಂಕಾಗಿ ಉರಿಯುತ್ತದೆ. ಒಂದು ಸೆಲ್ಲು ಒಂದೂವರೆ ವೋಲ್ಟು. ಎರಡು ಸೆಲ್ಲನ್ನು ಒಂದರ ಹಿಂದೊಂದು ಸಾಲಾಗಿ ಇಟ್ಟರೆ ಮೂರು ವೋಲ್ಟು, ಬಲ್ಬು ಬೆಳ್ಳಗೆ ಉರಿಯುತ್ತದೆ. ತೊಟ್ಟಿಯನ್ನು ಎತ್ತರಿಸಿದಂತೆ.

ಈಗ ಪೆನ್ಸಿಲನ್ನು ಉದ್ದಕ್ಕೆ ಸೀಳಿ ಒಳಗಿನ ಕಪ್ಪು ಕಡ್ಡಿ ಕಾಣುವಂತೆ ಮಾಡಿ. ಒಂದು ತಂತಿಯನ್ನು ಕಡ್ಡಿಯ ತುದಿಗೆ ಕಟ್ಟಿ, ಇನ್ನೊಂದು ತಂತಿಯ ತುದಿಯನ್ನು ಕಡ್ಡಿಯ ಮೇಲೆ ಜಾರಿಸುತ್ತಾ ದೂರ ಒಯ್ಯಿರಿ. ದೂರ ಹೋದಂತೆಲ್ಲ ಬಲ್ಬು ಮಂಕಾಗುತ್ತದೆ, ಹತ್ತಿರ ತಂದರೆ ಮತ್ತೆ ಬೆಳಗುತ್ತದೆ. ಸೆಲ್ಲು ಅದೇ, ಬಲ್ಬು ಅದೇ. ನಡುವೆ ದಾರಿಯ ತಡೆ ಮಾತ್ರ ಹೆಚ್ಚಿತು. ಟಿ.ಸಿ.ಯಿಂದ ನಿಮ್ಮ ಪ್ಯಾನೆಲ್ಲಿಗೆ, ಪ್ಯಾನೆಲ್ಲಿನಿಂದ ಬೋರಿನ ತಳಕ್ಕೆ ಎಳೆದ ತಂತಿಯೂ ಇಂಥದೊಂದು ಪೆನ್ಸಿಲ್ ಕಡ್ಡಿಯೇ, ತಡೆ ಸ್ವಲ್ಪ ಕಡಿಮೆ ಅಷ್ಟೆ.

ಮೂರನೆಯದೇ ಮುಖ್ಯ. ಮೂರು ಸೆಲ್ಲು, ಬಲ್ಬು, ಆಟದ ಮೋಟಾರು, ಮೂರನ್ನೂ ಒಂದೇ ಸಾಲಿನಲ್ಲಿ ಸೇರಿಸಿ. ಗಣಪತಿ ಹಬ್ಬದ ಸೀರಿಯಲ್ ಸೆಟ್ಟಿನಲ್ಲಿ ಬಲ್ಬುಗಳು ಇರುವ ಹಾಗೆ. ಮೋಟಾರು ತಿರುಗದಿದ್ದರೆ ಬೆರಳಿನಿಂದ ಒಮ್ಮೆ ತಳ್ಳಿ. ಅದು ಜೋರಾಗಿ ತಿರುಗುತ್ತಿರುವಾಗ ಬಲ್ಬು ಮಂಕಾಗಿರುತ್ತದೆ, ಕೆಲವೊಮ್ಮೆ ಉರಿಯುವುದೇ ಕಾಣದು. ಈಗ ಮೋಟಾರಿನ ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಿ. ಬಲ್ಬು ಥಟ್ಟನೆ ಬೆಳಗುತ್ತದೆ! ಬಿಟ್ಟರೆ ಮೋಟಾರು ಮತ್ತೆ ತಿರುಗಿ ಬಲ್ಬು ಮತ್ತೆ ಮಂಕು.

ಬಲ್ಬು ಇಲ್ಲಿ ನಮ್ಮ ಆಂಪಿಯರ್ ಮೀಟರು. ಮೋಟಾರು ತಿರುಗದೆ ನಿಂತಾಗ ಹೆಚ್ಚು ಕರೆಂಟು ಹರಿಯುತ್ತದೆ, ಸಲೀಸಾಗಿ ತಿರುಗುವಾಗ ಕಡಿಮೆ ಹರಿಯುತ್ತದೆ ಎಂಬುದನ್ನು ಅದು ತೋರಿಸಿತು. ಮಕ್ಕಳನ್ನು ಕೇಳಿ: ಏಕೆ ಹೀಗೆ? ಕೆಲಸ ನಿಂತಾಗ ಕರೆಂಟು ಕಡಿಮೆಯಾಗಬೇಕಿತ್ತಲ್ಲ?

ತಿರುಗುವ ಮೋಟಾರು ತನ್ನೊಳಗೆ ತಾನೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿಕೊಳ್ಳುತ್ತದೆ, ಹೊರಗಿನಿಂದ ನುಗ್ಗುವ ವೋಲ್ಟೇಜಿಗೆ ಅದು ಎದುರಾಗಿ ತಳ್ಳುತ್ತದೆ. ಹಾಗಾಗಿ ಒಳಗೆ ಹರಿಯುವ ಕರೆಂಟು ಹತೋಟಿಯಲ್ಲಿರುತ್ತದೆ. ತಿರುಗುವುದು ನಿಂತರೆ ಎದುರು ತಳ್ಳುವವರು ಯಾರೂ ಇಲ್ಲ. ವೈಂಡಿಂಗಿನ ತಂತಿಯ ಅಲ್ಪ ತಡೆಯೊಂದೇ ಉಳಿಯುತ್ತದೆ. ತೆರೆದ ಬಾಗಿಲಿಗೆ ಜಾತ್ರೆಯ ಜನ ನುಗ್ಗಿದಂತೆ ಕರೆಂಟು ನುಗ್ಗುತ್ತದೆ. ಆಟದ ಮೋಟಾರಿನ ಕಟ್ಟೋಣವೇ ಬೇರೆ, ನಮ್ಮ ಮೂರು ಫೇಸಿನ ಪಂಪಿನ ಮೋಟಾರೇ ಬೇರೆ. ಆದರೂ ಈ ಗುಣ ಎರಡಕ್ಕೂ ಇದೆ. ಪಂಪಿನ ಮೋಟಾರು ಚಾಲೂ ಆಗುವ ಆ ಕ್ಷಣದಲ್ಲಿ ಮಾಮೂಲಿಗಿಂತ ಆರೇಳು ಪಟ್ಟು ಆಂಪಿಯರ್ ಎಳೆಯುವುದು ಇದಕ್ಕೇ. ಮರಳು ಸಿಕ್ಕಿ ಪಂಪು ಜಾಮ್ ಆದಾಗ ಮೋಟಾರು ನಿಮಿಷಗಳಲ್ಲಿ ಸುಡುವುದೂ ಇದಕ್ಕೇ.

ಪುಸ್ತಕ ತಪ್ಪೇ?

ಇಷ್ಟು ಆದ ಮೇಲೆ ಜಾಣ ಹುಡುಗನೋ ಹುಡುಗಿಯೋ ಒಂದು ಪ್ರಶ್ನೆ ಹಾಕಬಹುದು. "ವೋಲ್ಟೇಜು ಕಡಿಮೆಯಾದರೆ ಕರೆಂಟೂ ಕಡಿಮೆಯಾಗುತ್ತೆ ಅಂತ ಪುಸ್ತಕದಲ್ಲಿದೆ. ಹಾಗಿದ್ದರೆ ಲೋ ವೋಲ್ಟೇಜಿನಲ್ಲಿ ಮೋಟಾರು ತಣ್ಣಗಿರಬೇಕಲ್ಲಪ್ಪಾ, ಯಾಕೆ ಸುಡುತ್ತೆ?" ಹೀಗೆ ಕೇಳಿದರೆ ಬೈಯಬೇಡಿ. ತುಂಬ ಒಳ್ಳೆಯ ಪ್ರಶ್ನೆ.

ಪುಸ್ತಕದ ಮಾತು ಬಲ್ಬಿಗೆ, ಕಾಯಿಸುವ ಕಾಯ್ಲಿಗೆ, ತಂತಿಗೆ ಸರಿ. ವೋಲ್ಟೇಜು ಇಳಿದರೆ ಬಲ್ಬು ಮಂಕಾಗಿ ಸುಮ್ಮನಾಗುತ್ತದೆ. ಬೋರಿನ ಮೋಟಾರಿಗೆ ಹಾಗೆ ಸುಮ್ಮನಾಗುವ ಅವಕಾಶವಿಲ್ಲ. ಏಳುನೂರು ಅಡಿ ಆಳದಿಂದ ನೀರಿನ ಕಂಬವನ್ನು ಅದು ಎತ್ತಲೇಬೇಕು. ಹೊರೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಕೆಲಸದ ಬಲ ಬರುವುದು ವೋಲ್ಟು ಮತ್ತು ಆಂಪಿಯರ್ ಎರಡೂ ಸೇರಿ. ವೋಲ್ಟು ಕಡಿಮೆಯಾದರೆ ಮೋಟಾರು ಸ್ವಲ್ಪ ನಿಧಾನವಾಗುತ್ತದೆ, ಎದುರು ತಳ್ಳುವ ಬಲ ಕುಗ್ಗುತ್ತದೆ, ಆ ಕೊರತೆಯನ್ನು ತುಂಬಲು ಹೆಚ್ಚು ಆಂಪಿಯರ್ ಒಳಕ್ಕೆ ಬರುತ್ತದೆ. ಅರೆಹೊಟ್ಟೆಯ ಎತ್ತಿಗೆ ತುಂಬಿದ ಗಾಡಿ ಕಟ್ಟಿದಂತೆ.

ಲೆಕ್ಕ ನೋಡಿ. 415 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುವ ಮೋಟಾರು, ವೋಲ್ಟೇಜು 350ಕ್ಕೆ ಇಳಿದಾಗ ಅದೇ ಹೊರೆಗೆ ಸುಮಾರು 12 ಆಂಪಿಯರ್ ಎಳೆಯುತ್ತದೆ. ಎರಡೇ ಆಂಪಿಯರ್ ಹೆಚ್ಚು ಎನ್ನಬೇಡಿ. ವೈಂಡಿಂಗಿನಲ್ಲಿ ಹುಟ್ಟುವ ಶಾಖ ಆಂಪಿಯರಿನ ವರ್ಗದಂತೆ ಏರುತ್ತದೆ. ಹತ್ತು ಹತ್ತಲೆ ನೂರು, ಹನ್ನೆರಡು ಹನ್ನೆರಡಲೆ ನೂರ ನಲವತ್ತನಾಲ್ಕು. ನೂರರಷ್ಟಿದ್ದ ಕಾವು ನೂರ ನಲವತ್ತನ್ನು ದಾಟಿತು. ವೈಂಡಿಂಗಿನ ಹೊದಿಕೆ ಎಷ್ಟು ದಿನ ತಡೆದೀತು?

ಮೆಕ್ಯಾನಿಕ್ ಹೇಳಿದ್ದು ನಿಜ, ವೋಲ್ಟೇಜು ಕಡಿಮೆಯಾಯಿತು. ಮನೆಯವರು ಹೇಳಿದ್ದೂ ನಿಜ, ಅದರಿಂದಲೇ ಕರೆಂಟು ಹೆಚ್ಚಾಯಿತು.

ಮೂರು ಫೇಸಿನಲ್ಲಿ ಒಂದು ಹೋದಾಗಲೂ ಇದೇ ಕಥೆ. ಓಡುತ್ತಿರುವ ಮೋಟಾರು ನಿಲ್ಲುವುದಿಲ್ಲ. ಉಳಿದ ಎರಡು ಫೇಸಿನಿಂದಲೇ ಹೊರೆ ಎಳೆಯಲು ಹೋಗಿ ಅವುಗಳಲ್ಲಿ ಸುಮಾರು ಒಂದೂಮುಕ್ಕಾಲು ಪಟ್ಟು ಆಂಪಿಯರ್ ಹರಿಯುತ್ತದೆ. ಫೇಸು ತಪ್ಪಿದರೆ ಮೋಟಾರನ್ನು ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಎಂಬ ಸಾಧನ ಪ್ಯಾನೆಲ್ಲಿನಲ್ಲಿ ಇದೆಯೇ ನೋಡಿಕೊಳ್ಳಿ. ಇದ್ದೂ ಯಾರೋ ಅದನ್ನು ಬಿಚ್ಚಿ ನೇರ ತಂತಿ ಕೊಟ್ಟಿದ್ದಾರೆಯೇ ಎಂಬುದನ್ನೂ ನೋಡಿಕೊಳ್ಳಿ. ಅಂಥ ಪ್ಯಾನೆಲ್ಲುಗಳು ಬಹಳ.

ಬೋರಿನ ತಳದಲ್ಲಿ ಎಷ್ಟು ವೋಲ್ಟು?

ಪ್ಯಾನೆಲ್ಲಿನ ಮುಳ್ಳು 380 ತೋರಿಸಿದರೆ ನಾವು ಸಮಾಧಾನಪಡುತ್ತೇವೆ. ಆದರೆ ಮೋಟಾರು ಇರುವುದು ಪ್ಯಾನೆಲ್ಲಿನಲ್ಲಿ ಅಲ್ಲ.

2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದ ವರ್ಷ ನೆನಪಿದೆಯಲ್ಲ? ನೀರು ಕೆಳಗಿಳಿದಂತೆ ಪಂಪನ್ನೂ ಇಳಿಸುತ್ತಾ ಹೋಗುತ್ತೇವೆ. ನಾಲ್ಕುನೂರು ಅಡಿಯಲ್ಲಿದ್ದದ್ದು ಏಳುನೂರು ಅಡಿಗೆ ಹೋಯಿತು ಎನ್ನಿ. ಪೈಪು ಹೆಚ್ಚಿಗೆ ತಂದೆವು, ಕೇಬಲ್ಲಿಗೆ ಮಾತ್ರ ಅದೇ 2.5 ಎಂ.ಎಂ. ತುಂಡನ್ನು ಜೋಡಿಸಿ ಟೇಪು ಸುತ್ತಿದೆವು. ಏಳುನೂರು ಅಡಿ ಎಂದರೆ ಸುಮಾರು 213 ಮೀಟರ್. ಪ್ಯಾನೆಲ್ಲಿನಿಂದ ಬೋರಿನವರೆಗಿನದ್ದೂ ಸೇರಿ 300 ಮೀಟರ್ ಎಂದಿಟ್ಟುಕೊಳ್ಳೋಣ.

2.5 ಎಂ.ಎಂ. ತಾಮ್ರದ ಎಳೆಗೆ ಒಂದು ಕಿಲೋಮೀಟರಿಗೆ ಸುಮಾರು ಏಳೂವರೆ ಓಮ್ ತಡೆ. 300 ಮೀಟರಿಗೆ 2.2 ಓಮ್. ಹತ್ತು ಆಂಪಿಯರಿನಿಂದ ಗುಣಿಸಿ: 22 ವೋಲ್ಟು ಒಂದೊಂದು ಎಳೆಯಲ್ಲೇ ಕಳೆದುಹೋಯಿತು. ಮೂರು ಫೇಸಿನ ಲೆಕ್ಕಕ್ಕೆ ಹೊಂದಿಸಿದರೆ, ಮೇಲೆ 380 ಇದ್ದದ್ದು ಕೆಳಗೆ 350ರ ಹತ್ತಿರಕ್ಕೆ ಇಳಿಯುತ್ತದೆ. ಮುಳ್ಳು ಇದನ್ನು ನಿಮಗೆ ತೋರಿಸುವುದಿಲ್ಲ. ಇಲ್ಲಿಗೂ ಮುಗಿಯಲಿಲ್ಲ. ವೋಲ್ಟು ಕಡಿಮೆಯಾದ್ದರಿಂದ ಮೋಟಾರು ಹೆಚ್ಚು ಆಂಪಿಯರ್ ಎಳೆಯಿತು. ಆಂಪಿಯರ್ ಹೆಚ್ಚಿದ್ದರಿಂದ ಕೇಬಲ್ಲಿನಲ್ಲಿ ಇನ್ನಷ್ಟು ವೋಲ್ಟು ಕಳೆಯಿತು. ಒಂದು ಇನ್ನೊಂದನ್ನು ಎಳೆಯುತ್ತಾ ಹೋಗುತ್ತದೆ.

ಕಳೆದ ಈ ವೋಲ್ಟು ಎಲ್ಲಿ ಹೋಯಿತು? ಶಾಖವಾಗಿ ಹೋಯಿತು. ಮೂರು ಎಳೆಯಲ್ಲಿ ಸೇರಿ ಸುಮಾರು 660 ವ್ಯಾಟು. ಒಂದು ಎಚ್.ಪಿ. ಎಂದರೆ 746 ವ್ಯಾಟು. ಹತ್ತಿರಹತ್ತಿರ ಒಂದು ಎಚ್.ಪಿ.ಯಷ್ಟನ್ನು ನಾವು ಬೋರಿನ ಗೋಡೆ ಕಾಯಿಸಲು ಕೊಡುತ್ತಿದ್ದೇವೆ. ಅದೇ ಉದ್ದಕ್ಕೆ 6 ಎಂ.ಎಂ. ಕೇಬಲ್ ಇದ್ದರೆ ತಡೆ ಒಂದು ಓಮಿಗೂ ಸ್ವಲ್ಪ ಕಡಿಮೆ, ವ್ಯರ್ಥವಾಗುವುದು 280 ವ್ಯಾಟಿನಷ್ಟು, ಮೋಟಾರಿಗೆ ಸಿಗುವ ವೋಲ್ಟು 365ರ ಆಚೆಗೆ. 4 ಎಂ.ಎಂ. ಇವೆರಡರ ನಡುವೆ ಬರುತ್ತದೆ. ಹತ್ತು ಎಚ್.ಪಿ.ವರೆಗಿನ ಪಂಪುಸೆಟ್ಟಿಗೆ ವಿದ್ಯುತ್ ಉಚಿತ, ವ್ಯರ್ಥವಾದರೆ ನಮಗೇನು ಎನ್ನುವವರಿದ್ದಾರೆ. ಬಿಲ್ಲು ಬರುವುದಿಲ್ಲ, ನಿಜ. ರೀವೈಂಡಿಂಗ್ ಬಿಲ್ಲು ಬರುತ್ತದಲ್ಲ!

ಇನ್ನು ಆ ಟೇಪು ಸುತ್ತಿದ ಜೋಡಣೆ. ಎರಡು ತಂತಿಯನ್ನು ಬರಿದೇ ಹೊಸೆದು ಬಿಟ್ಟಾಗ ಕಾಲಕ್ರಮದಲ್ಲಿ ಕಿಲುಬು ಹಿಡಿದು ಅಲ್ಲಿ ಅರ್ಧ ಓಮ್ ತಡೆ ಹುಟ್ಟಿತೆನ್ನಿ. ಹತ್ತು ಆಂಪಿಯರಿಗೆ ಅಲ್ಲಿ 50 ವ್ಯಾಟು ಶಾಖ. ರೇಡಿಯೋ ರಿಪೇರಿಯವರು ಸೀಸ ಕರಗಿಸಿ ಬೆಸುಗೆ ಹಾಕುವ ಕಡ್ಡಿ 25 ವ್ಯಾಟಿನದು. ಹೆಬ್ಬೆರಳಷ್ಟು ಜಾಗದಲ್ಲಿ ಅಂಥ ಎರಡು ಕಡ್ಡಿ ಏಳು ಗಂಟೆ ಹೊತ್ತು ಉರಿದರೆ ಟೇಪು ಉಳಿಯುವುದುಂಟೇ? ಜೋಡಿಸಲೇಬೇಕಾದರೆ ತಾಮ್ರದ ತೋಳು ಹಾಕಿ ಒತ್ತಿಸಿ, ನೀರು ನುಗ್ಗದ ಜಾಯಿಂಟ್ ಕಿಟ್ಟಿನಿಂದಲೇ ಮುಚ್ಚಿಸಬೇಕು. ಸ್ಟಾರ್ಟರಿನ ತಿರುಪುಗಳೂ, ಫ್ಯೂಸಿನ ಕಚ್ಚುವ ಬಾಯಿಗಳೂ ಸಡಿಲವಾದರೆ ಇದೇ ಗತಿ. ಕಪ್ಪಾದ, ಕರಗಿದ ವಾಸನೆಯ ಜಾಗವೆಲ್ಲ ತಡೆ ಹುಟ್ಟಿದ ಜಾಗ.

ದೂರಕ್ಕೆ ವಿದ್ಯುತ್ ಒಯ್ಯುವಾಗ ದಾರಿಯಲ್ಲಿ ಕಳೆಯುವ ಈ ತೊಂದರೆ ನಮ್ಮ ನಾಡಿಗೆ ಹೊಸದೇನಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆದಾಗ ಇಂಜಿನಿಯರುಗಳು ಮಾಡಿದ್ದು ಇದೇ ಲೆಕ್ಕ: ವೋಲ್ಟನ್ನು ಬಹಳ ಎತ್ತರಿಸಿದರೆ ಅಷ್ಟೇ ಶಕ್ತಿಗೆ ಕಡಿಮೆ ಆಂಪಿಯರ್ ಸಾಕು, ಆಂಪಿಯರ್ ಕಡಿಮೆಯಾದರೆ ದಾರಿಯ ನಷ್ಟ ಕಡಿಮೆ. ಇಂದಿಗೂ ನಿಮ್ಮ ಹೊಲದ ಟಿ.ಸಿ.ವರೆಗೆ 11,000 ವೋಲ್ಟಿನಲ್ಲಿ ತಂದು ಅಲ್ಲಿ ಇಳಿಸುವುದು ಈ ಕಾರಣಕ್ಕೆ. ಟಿ.ಸಿ.ಯಿಂದ ಈಚೆಗೆ ಎಷ್ಟು ದೂರ ಎಳೆದಿರಿ, ಎಂಥ ತಂತಿಯಲ್ಲಿ ಎಳೆದಿರಿ ಎಂಬುದರ ಮೇಲೆ ಉಳಿದದ್ದು.

ಒಂದು ಟಿ.ಸಿ., ಎಷ್ಟು ಮೋಟಾರು?

ಲೈನ್‌ಮನ್ನನ್ನು ಬೈಯುವುದು ಸುಲಭ. ಅದಕ್ಕೆ ಮೊದಲು ಟಿ.ಸಿ.ಯ ಮೇಲೆ ಬರೆದ ಅಂಕಿ ಓದಿ. 25 ಕೆ.ವಿ.ಎ. ಎಂದಿದ್ದರೆ ಅದು ಒಂದೊಂದು ಫೇಸಿಗೆ ಕೊಡಬಲ್ಲದ್ದು ಸುಮಾರು 35 ಆಂಪಿಯರ್. ಹತ್ತು ಆಂಪಿಯರಿನ ಮೋಟಾರು ಮೂರಾದರೆ 30. ನಾಲ್ಕನೆಯದಕ್ಕೇ ಮಿತಿ ಮೀರಿತು. ಹಕ್ಕಿನ ಸಂಪರ್ಕ ಮೂರಿದ್ದು, ಕೊಂಡಿ ಹಾಕಿದ್ದು ಇನ್ನು ಮೂರಿದ್ದರೆ ಎಲ್ಲರ ವೋಲ್ಟೂ ಇಳಿಯುತ್ತದೆ, ಎಲ್ಲರ ಮೋಟಾರೂ ಹೆಚ್ಚು ಎಳೆಯುತ್ತದೆ, ಕೊನೆಗೆ ಟಿ.ಸಿ.ಯೇ ಸುಟ್ಟು ಊರೇ ಕತ್ತಲಾಗುತ್ತದೆ.

ಇದರ ಮೇಲೆ ಆಟೋ ಸ್ಟಾರ್ಟರಿನ ಕಾಟ. ಮೂರು ಫೇಸ್ ಬಂದ ಕ್ಷಣವೇ ಎಲ್ಲರ ಮೋಟಾರೂ ಒಟ್ಟಿಗೆ ಏಳುತ್ತವೆ. ಚಾಲೂ ಆಗುವಾಗ ಆರು ಪಟ್ಟು ಎಂದೆವಲ್ಲ. ನಾಲ್ಕು ಮೋಟಾರಿಗೆ 240 ಆಂಪಿಯರ್ ಆಯಿತು. ವೋಲ್ಟು ಪಾತಾಳಕ್ಕೆ ಇಳಿದು, ಯಾವ ಮೋಟಾರಿಗೂ ತಿರುಗುವ ಬಲ ಸಾಲದೆ, ಎಲ್ಲವೂ ನಿಂತಲ್ಲೇ ಗುಂಯ್‌ಗುಡುತ್ತವೆ. ಬೆರಳಲ್ಲಿ ಹಿಡಿದ ಆಟದ ಮೋಟಾರಿನ ಸ್ಥಿತಿ! ಬಹುಪಾಲು ಆಟೋ ಸ್ಟಾರ್ಟರುಗಳಲ್ಲಿ ತಡವಾಗಿ ಚಾಲೂ ಆಗುವಂತೆ ಹೊತ್ತು ಇಡುವ ಸೌಕರ್ಯವಿದೆ. ಒಂದು ಟಿ.ಸಿ.ಯ ರೈತರು ಒಟ್ಟಿಗೆ ಕೂತು ಒಬ್ಬರದು ಒಂದು ನಿಮಿಷ, ಇನ್ನೊಬ್ಬರದು ಎರಡು, ಮತ್ತೊಬ್ಬರದು ಮೂರು ಎಂದು ಹಂಚಿಕೊಳ್ಳಿ. ಕಾಸು ಖರ್ಚಿಲ್ಲದ ಕೆಲಸ. ಕೆರೆ ನೀರಿಗೆ ಸರದಿ ಒಪ್ಪಿಕೊಂಡು ಬಂದವರು ನಾವು, ಇದಕ್ಕೇಕೆ ಜಗಳ?

ಕೆಪ್ಯಾಸಿಟರ್ ಬಗೆಗೂ ಎರಡು ಮಾತು. ಐದು ಎಚ್.ಪಿ.ಗೆ 2, ಏಳೂವರೆಗೆ 3, ಹತ್ತಕ್ಕೆ 4 ಕೆ.ವಿ.ಎ.ಆರ್. ಅಳತೆಯದನ್ನು ಪ್ಯಾನೆಲ್ಲಿನಲ್ಲಿ ಹಾಕಿದರೆ ಟಿ.ಸಿ. ಮತ್ತು ಲೈನಿನ ಆಂಪಿಯರ್ ತಗ್ಗಿ ವೋಲ್ಟು ಸ್ವಲ್ಪ ಚೇತರಿಸಿಕೊಳ್ಳುತ್ತದೆ. ಪ್ಯಾನೆಲ್ಲಿನಿಂದ ಕೆಳಗಿನ ಸಣ್ಣ ಕೇಬಲ್ಲಿನ ರೋಗವನ್ನು ಅದು ವಾಸಿ ಮಾಡದು.

ಫ್ಯೂಸು ಮನುಷ್ಯನನ್ನು ಉಳಿಸುವುದಿಲ್ಲ

ಇದೊಂದನ್ನು ಮಕ್ಕಳ ಎದುರಿಗೇ ಲೆಕ್ಕ ಹಾಕಿ. ಒದ್ದೆ ಕೈ, ಬರಿಗಾಲು, ಹಸಿ ನೆಲ. ಅಂಥ ಹೊತ್ತಿನಲ್ಲಿ ಮನುಷ್ಯನ ಮೈಯ ತಡೆ ಸಾವಿರ ಓಮ್‌ನಷ್ಟಕ್ಕೆ ಇಳಿಯಬಹುದು. ಒಂದು ಫೇಸು ತಗುಲಿದರೆ 230 ವೋಲ್ಟು. ಭಾಗಿಸಿ. ಕಾಲು ಆಂಪಿಯರಿಗಿಂತ ತುಸು ಕಡಿಮೆ. 60 ವ್ಯಾಟಿನ ಬಲ್ಬು ಎಳೆಯುವುದಕ್ಕಿಂತಲೂ ಕಡಿಮೆ. ಆದರೆ ಎದೆಯ ಮೂಲಕ ಹಾದರೆ ಅದರ ಎಂಟನೇ ಒಂದು ಭಾಗವೇ ಅಪಾಯದ ಮಟ್ಟ. ನಿಮ್ಮ ಪ್ಯಾನೆಲ್ಲಿನ ಫ್ಯೂಸು 15 ಆಂಪಿಯರಿನದು. ಮನುಷ್ಯ ಸಾಯುತ್ತಿರುವಾಗ ಹರಿಯುವ ಕಾಲು ಆಂಪಿಯರು ಅದಕ್ಕೆ ಲೆಕ್ಕಕ್ಕೇ ಬರುವುದಿಲ್ಲ. ಅದು ತಣ್ಣಗೆ ಕುಳಿತಿರುತ್ತದೆ. ಫ್ಯೂಸು ಇರುವುದು ತಂತಿಯನ್ನು ಉಳಿಸಲು. ಅದನ್ನೂ ದಪ್ಪ ತಾಮ್ರದ ಎಳೆ ಸುತ್ತಿ ಕೆಡಿಸಿದರೆ ತಂತಿಯೂ ಉಳಿಯದು.

ಮನುಷ್ಯನನ್ನು ಕಾಯುವವು ಬೇರೆ ಎರಡು. ಒಂದು, ಸರಿಯಾದ ಅರ್ತಿಂಗ್. ಪ್ಯಾನೆಲ್ ಪೆಟ್ಟಿಗೆಗೆ ಫೇಸು ತಗುಲಿದರೆ ಕರೆಂಟಿಗೆ ನಿಮ್ಮ ಮೈಗಿಂತ ಬಹಳ ಕಡಿಮೆ ತಡೆಯ ದಾರಿಯನ್ನು ಅದು ಕೊಡುತ್ತದೆ. ಅರ್ತ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ ಎನ್ನುವುದು ಇದಕ್ಕೇ. ಒಣ ಮಣ್ಣಿಗೆ ತಡೆ ಹೆಚ್ಚು. ಇನ್ನೊಂದು, ಮನೆಯ ಮೀಟರಿನ ಬಳಿ ಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ. ಹೋದ ಕರೆಂಟು ವಾಪಸು ಬರದೆ ಬೇರೆ ದಾರಿ ಹಿಡಿದರೆ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದು ಕಡಿದುಹಾಕುತ್ತದೆ. ಹಂದಿ ಕಾಟಕ್ಕೆ ಬೇಲಿಗೆ ಲೈನಿನ ತಂತಿ ಕೊಡುವವರು ಈ ಭಾಗಾಕಾರವನ್ನು ಇನ್ನೊಮ್ಮೆ ಮಾಡಿ ನೋಡಲಿ. ಅದು ಅಪರಾಧ. ಮುಂಜಾನೆ ಬೇಲಿ ಮುಟ್ಟುವುದು ಹಂದಿಯೇ ಎಂದು ಯಾರು ಬಲ್ಲರು? ಟಿ.ಸಿ. ಕಂಬಕ್ಕೆ ಹತ್ತಿ ಫ್ಯೂಸು ಹಾಕುವ ಸಾಹಸವೂ ಬೇಡ. ಅಲ್ಲಿ ಇರುವುದು 11,000 ವೋಲ್ಟು. ತಂತಿ ಬಿದ್ದರೆ, ಟಿ.ಸಿ. ಕೆಟ್ಟರೆ 1912ಕ್ಕೆ ಫೋನು ಮಾಡಿ.

ಪ್ಯಾನೆಲ್ ಬಾಗಿಲ ಮೇಲೆ ಎರಡು ಅಂಕಿ

ಈ ಪಾಠವನ್ನು ತೋಟದಲ್ಲಿ ಬಳಸಲು ಒಂದು ಸೀಮೆಸುಣ್ಣ ಸಾಕು. ಮೋಟಾರು ಓಡುವಾಗ ಪ್ಯಾನೆಲ್ಲಿನ ವೋಲ್ಟು ಎಷ್ಟು, ಆಂಪಿಯರ್ ಎಷ್ಟು ಎಂದು ಪೆಟ್ಟಿಗೆಯ ಬಾಗಿಲ ಒಳಗೆ ತಾರೀಕು ಹಾಕಿ ಬರೆಯಿರಿ. ಶಾಲೆಗೆ ಹೋಗುವ ಮಕ್ಕಳಿಗೇ ಈ ಕೆಲಸ ವಹಿಸಿ. ಪೆಟ್ಟಿಗೆಯೊಳಕ್ಕೆ ಕೈ ಹಾಕದೆ ಮೀಟರು ಓದಿ ಹೇಳಲಿ, ನೀವು ಬರೆದುಕೊಳ್ಳಿ. ಹದಿನೈದು ದಿನದಲ್ಲಿ ನಿಮ್ಮ ಮೋಟಾರಿನ ಮಾಮೂಲಿ ನಡೆ ಗೊತ್ತಾಗುತ್ತದೆ.

ವೋಲ್ಟು ಇಳಿದು ಆಂಪಿಯರ್ ಏರಿದ್ದರೆ ಲೈನಿನ ಅಥವಾ ಟಿ.ಸಿ.ಯ ತೊಂದರೆ, ಆ ಹೊತ್ತು ಮೋಟಾರು ನಿಲ್ಲಿಸುವುದೇ ಲಾಭ. ವೋಲ್ಟು ಸರಿಯಿದ್ದೂ ಆಂಪಿಯರ್ ದಿನದಿನಕ್ಕೆ ಏರುತ್ತಿದ್ದರೆ ಮರಳು, ಬೇರಿಂಗು, ಇಲ್ಲವೇ ವೈಂಡಿಂಗು; ಸುಡುವ ಮೊದಲೇ ಎತ್ತಿಸಿ ನೋಡಿಸಬಹುದು. ವೋಲ್ಟು ಸರಿಯಿದ್ದು ಆಂಪಿಯರ್ ಇದ್ದಕ್ಕಿದ್ದಂತೆ ಕುಸಿದರೆ ಬೋರಿನಲ್ಲಿ ನೀರು ಮುಗಿದು ಪಂಪು ಬರಿದೇ ತಿರುಗುತ್ತಿದೆ ಎಂದು ತಿಳಿದು ತಕ್ಷಣ ನಿಲ್ಲಿಸಿ. ಓವರ್‌ಲೋಡ್ ರಿಲೇ ಮೇಲಿಂದ ಮೇಲೆ ಬೀಳುತ್ತಿದ್ದರೆ ಅದರ ತಿರುಪನ್ನು ಹೆಚ್ಚಿನ ಅಂಕಿಗೆ ತಿರುಗಿಸಬೇಡಿ, ತಿರುಗಿಸಲು ಯಾರನ್ನೂ ಬಿಡಬೇಡಿ. ಮೋಟಾರಿನ ಫಲಕದ ಮೇಲೆ ಬರೆದ ಆಂಪಿಯರ್ ಎಷ್ಟೋ ರಿಲೇ ಅಷ್ಟಕ್ಕೇ ಇರಬೇಕು. ಮೋಟಾರು ಬೋರಿನೊಳಗೆ ಇಳಿದ ಮೇಲೆ ಆ ಫಲಕ ಓದಲು ಸಿಗುವುದಿಲ್ಲ, ಆದ್ದರಿಂದ ಇಳಿಸುವ ದಿನವೇ ಆ ಅಂಕಿಯನ್ನು ಪ್ಯಾನೆಲ್ ಬಾಗಿಲ ಮೇಲೆ ಬಣ್ಣದಲ್ಲಿ ಬರೆಸಿಬಿಡಿ.